ಎರಡು ಲೀಟರ್ ಕಮ್ಮಿ

ಅಕ್ಟೋಬರ್ 9, ಗುರುವಾರ. ಬೆಳಿಗ್ಗೆ

ಡೇರಿ ಮುಗಿಸಿ ಬಂದೆ. ಮುನಿನಾರಾಯಣಮ್ಮನ ಹಾಲು ಇವತ್ತೂ ತೆಳು. ವಾಪಸ್ ಕಳಿಸಿದೆ. "ನಿಮ್ ಕಣ್ಣೇನು ಮಿಷನ್ನಾ ಅಕ್ಕಯ್ಯಮ್ಮೋರೆ?" ಎಂದು ಗೊಣಗುತ್ತಾ ಹೋದಳು. ಗೊಣಗಲಿ. ಹಾಲಿನ ಸಂಘದ ಕಾರ್ಯದರ್ಶಿ ಆದಾಗಿನಿಂದ ಯಾರ ಹಾಲಿನ ಗಟ್ಟಿತನಕ್ಕೂ ಸುಳ್ಳು ಡಿಗ್ರಿ ಬರೆದವಳಲ್ಲ ನಾನು.

ಮಧ್ಯಾಹ್ನ ನವ್ಯಳ ಸ್ಕೇಟಿಂಗ್ ಆಟ. ಬ್ಯಾಂಕಾಕಿನಲ್ಲಿ. ಮೊಮ್ಮಗಳು ಮೊದಲ ಸಲ ಹೊರದೇಶದ ಐಸ್ ಮೇಲೆ. ಗಣಿ ಊರು ಉರಿಗಾಂನ ಹಳೆ ಕ್ಲಬ್ಬಿನ ಸಿಮೆಂಟು ನೆಲದಲ್ಲಿ ಚಕ್ರದ ಬೂಟು ಹಾಕಿ ಕಲಿತವಳು. ಎರಡು ವರ್ಷದಿಂದ ತಾಯಿಯ ಜೊತೆ ಉತ್ತರದ ಕಡೆ, ಐಸ್ ಇರುವ ಊರಿನಲ್ಲಿ ತರಬೇತಿ.

ನನಗೂ ಕೆಲಸ ಇದೆ. ಒಬ್ಬೊಬ್ಬ ಹುಡುಗಿಯ ಆಟ ನೋಡಿ ವಾಯ್ಸ್ ಮೆಸೇಜಿನಲ್ಲಿ ತೀರ್ಪು ಕಳಿಸುವುದು. ನವ್ಯಳೇ ಹಚ್ಚಿದ ಅಭ್ಯಾಸ. "ಕೋಚು ಸಮಾಧಾನಕ್ಕೂ ಏಳ್ತಾರೆ ಅಜ್ಜಿ. ನೀನು ಅಂಗಲ್ಲ. ಇದ್ದದ್ದು ಇದ್ದಂಗೆ ಏಳ್ತೀಯ." ಯೂಟ್ಯೂಬಿನಲ್ಲಿ ನೋಡಿ ನೋಡಿ, ಈಗ ಎಗರುವ ಮೊದಲೇ ಯಾರು ಬೀಳುತ್ತಾರೆಂದು ತಿಳಿಯುತ್ತದೆ.

ಅದೇ ದಿನ. ಸಂಜೆ 5

ಮಗ ಸುಧಾಕರ್, ನವ್ಯಳ ಅಪ್ಪ, ಫೋನನ್ನು ಟಿವಿಗೆ ಸೇರಿಸಿಕೊಟ್ಟ. ಪಕ್ಕದ ಮನೆ ಮಾರಿಯಮ್ಮನೂ ಬಂದಳು. ಅವಳು ಗಣಿಯ ಚಾಂಪಿಯನ್ ರೀಫ್ಸ್ ಬಿಟ್ಟು ಬಂಗಾರಪೇಟೆಗೆ ಬಂದು ವರ್ಷಗಳಾದವು, ಬಾಯಿ ಮಾತ್ರ ಇನ್ನೂ ಅಲ್ಲಿಯದೇ, ಅರ್ಧ ತಮಿಳು.

ಇವತ್ತು ಶಾರ್ಟ್ ಪ್ರೋಗ್ರಾಂ, ಅಂದರೆ ಚಿಕ್ಕ ಆಟ. ದೊಡ್ಡದು ನಾಡಿದ್ದು. ಎರಡರ ಅಂಕವೂ ಸೇರುತ್ತದೆ.

ಜಪಾನಿನ ಹುಡುಗಿ, ನೀಲಿ ಲಂಗ — ಇಳಿದರೆ ಸದ್ದೇ ಇಲ್ಲ. ಕೆನೆ ಮೇಲೆ ಬೆರಳು ಎಳೆದ ಹಾಗೆ. ಮುಖದಲ್ಲಿ ಮಾತ್ರ ಹಾಡಿಲ್ಲ.

ಕೊರಿಯಾದವಳು — ವೇಗ ಇದೆ. ಕೈಗಳು ತಂತಿಯ ಮೇಲೆ ಒಣಹಾಕಿದ ಬಟ್ಟೆ.

ಮಲೇಷ್ಯಾದ ಚಿಕ್ಕವಳು — ಎರಡು ಸಲ ಬಿದ್ದಳು. ಎದ್ದು ನಕ್ಕಳು. ಆ ನಗು ಕಲಿಸಿದರೆ ಬರುವಂಥದ್ದಲ್ಲ.

ಆಮೇಲೆ ನವ್ಯ.

ಡಬಲ್ ಆಕ್ಸೆಲ್ ಅಂತ ಒಂದು ಜಿಗಿತ. ಮುಂದಕ್ಕೆ ನೋಡುತ್ತಾ ಎಗರಿ, ಗಾಳಿಯಲ್ಲೇ ಎರಡೂವರೆ ಸುತ್ತು ಸುತ್ತಿ, ಹಿಂದಕ್ಕೆ ಇಳಿಯಬೇಕು. ವರ್ಷದಿಂದ ಅದಕ್ಕಾಗಿ ಬಿದ್ದು ಸೊಂಟ ನೀಲಿ ಮಾಡಿಕೊಂಡಿದ್ದಾಳೆ. ಇವತ್ತು ಎಗರಿದಳು. ಇಳಿದಳು. ಅಷ್ಟೆ... ಇಳಿದ ಕಾಲು ತಡವರಿಸದೆ ಹರಿಯುತ್ತಾ ಹೋಯಿತು. ನನ್ನ ಕಣ್ಣು ಒದ್ದೆಯಾಯಿತು. ಯಾರೂ ನೋಡಲಿಲ್ಲ.

"ಅಕ್ಕಾ, ಎನ್ನಾ ಅಳಗು! ದೇವತೆ ಇಳಿದು ಬಂದಂಗಿತ್ತು!" ಮಾರಿಯಮ್ಮ ಕೂಗಿಕೊಂಡಳು.

"ಬಾಯ್ಮುಚ್ಚೇ ಮಾರಿ! ಥೂ ಅನ್ನು ಮೊದ್ಲು. ನರರ ಕಣ್ಣಿಗೆ ಮರ ಸಿಡೀತದೆ."

"ಸಿಡಿದ್ರೆ ಸೌದೆ ಆಯ್ತದೆ ಬಿಡಕ್ಕ."

ನವ್ಯಳಿಗೆ ಮೆಸೇಜು ಹೇಳಿದೆ. "ಲೇ, ಅದೇನೇ ಎಗರಿದ್ದು? ಕಾಲುವೆ ದಾಟೋ ಎಮ್ಮೆಕರು ಇನ್ನೂ ಅಗುರಾಗಿ ಎಗರ್ತದೆ."

"ಅಮ್ಮ, ಚೆನ್ನಾಗೇ ಮಾಡಿದ್ಲಲ್ಲ?" ಎಂದ ಸುಧಾಕರ್.

"ನಿಂಗೇನ್ಲಾ ಗೊತ್ತು. ನಾಡಿದ್ದು ಇನ್ನೂ ಆಡೋದೈತೆ."

ನಮ್ಮ ಮನೆಯ ರೂಢಿ. ಹಸು ಎಷ್ಟು ಕರೆಯುತ್ತದೆ ಎಂದು ಯಾರಾದರೂ ಕೇಳಿದರೆ ಎರಡು ಲೀಟರ್ ಕಮ್ಮಿ ಮಾಡಿಯೇ ಹೇಳುವುದು. ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದರೆ ಮನೆಯವರ ಕಣ್ಣೇ ಮೊದಲು ತಾಗುವುದು. ನಮ್ಮತ್ತೆ ನನ್ನನ್ನು ಹೊಗಳಲಿಲ್ಲ, ನಾನು ಸುಧಾಕರನನ್ನು ಹೊಗಳಲಿಲ್ಲ. ಎಲ್ಲರೂ ಗಟ್ಟಿಯಾಗೇ ಇದ್ದೇವೆ.

ಎಂಟನೆಯ ಸ್ಥಾನವಂತೆ. ಮೆಸೇಜು ಕೇಳಿದ ಗುರುತು ಬಂತು. ಬೈದಾಗೆಲ್ಲ ನಗುವ ಮುಖ ಕಳಿಸುತ್ತಿದ್ದಳು...

ಅಕ್ಟೋಬರ್ 10, ಶುಕ್ರವಾರ

ಸೊಸೆ ಶಶಿರೇಖ ಅಲ್ಲಿಂದ ಫೋನು ಮಾಡಿದ್ದಳು.

"ಅತ್ತೆ, ಮಗು ಸರಿಯಾಗಿ ತಿಂದಿಲ್ಲ. ನಾಳೆ ಆ ಜಂಪ್ ಬೇಡ, ಒಂದೂವರೆ ಸುತ್ತಿಂದೇ ಆಕ್ತೀನಿ ಅಂತವ್ಳೆ. ಕೋಚು ಬೈದ್ರೆ, 'ನಮ್ಮಜ್ಜಿ ಕಣ್ಣಿಗೆ ಕಂಡಿದ್ದು ಸುಳ್ಳಾ?' ಅಂತ ಅವರ್ನೇ ಕೇಳ್ತವ್ಳೆ. ಚೆನ್ನಾಗಿತ್ತು ಅಂತ ಒಂದು ಮಾತು ಅನ್ನಿ ಅತ್ತೆ."

"ಮುಗೀಲಿ. ಮುಗಿದ ಮೇಲೆ ಅಂತೀನಿ."

"ಮುಗಿದ ಮೇಲೆ ಯಾರಿಗೆ ಬೇಕತ್ತೆ ಅದು?"

ಈ ಮನೆಗೆ ಬಂದಾಗಿನಿಂದ ಹೀಗೆ ಎದುರು ಮಾತಾಡಿದವಳಲ್ಲ. ಫೋನು ಇಟ್ಟುಬಿಟ್ಟೆ.

ಆಮೇಲೆ ಮೈಕಿನ ಗುರುತು ಒತ್ತಿ ಹಿಡಿದೆ. "ನವ್ಯ..." ಎಂದೆ. ಅಳಿಸಿದೆ. ದೃಷ್ಟಿಯ ಭಯ ಎಂದು ಬರೆದರೆ ಅರ್ಧ ಮಾತ್ರ ನಿಜ. ಸೊಸೆ ಹೇಳಿಕೊಟ್ಟಿದ್ದನ್ನು ನಾನು ಒಪ್ಪಿಸುವುದೇ ಎಂಬುದೂ ಇತ್ತು.

ಅಕ್ಟೋಬರ್ 11, ಶನಿವಾರ. ಸಂಜೆ

ಇವತ್ತು ಬೇರೆ ಯಾರ ಆಟದ ಬಗ್ಗೆಯೂ ಬರೆಯಲಾರೆ.

ಜಿಗಿತದ ಜಾಗ ಬಂತು. ಸಂಗೀತ ಮೇಲೆದ್ದಿತು. ನವ್ಯ ಎಗರಿದಳು — ಒಂದೂವರೆ ಸುತ್ತು. ಎರಡನೆಯ ಸಲವೂ ಅಷ್ಟೇ. ಚೊಕ್ಕವಾಗಿ ಇಳಿದಳು. ಬೀಳಲಿಲ್ಲ. ಎರಡೂವರೆಗೆ ಹೋಗಿ ಬಿದ್ದಿದ್ದರೂ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಟಿವಿಯವನು ಇಂಗ್ಲಿಷಿನಲ್ಲಿ ಏನೋ ಹೇಳಿದ. "ಏನಂತಾನ್ಲಾ?" ಎಂದೆ.

"ಯಾಕೋ ಧೈರ್ಯ ಸಾಲ್ದಾಯ್ತು ಅಂತವ್ನೆ," ಎಂದ ಸುಧಾಕರ್. ನನ್ನ ಕಡೆ ನೋಡಲಿಲ್ಲ.

ಧೈರ್ಯ ಇತ್ತು. ಗುರುವಾರ ಎಲ್ಲರೂ ನೋಡಿದ್ದರು. ತೆಗೆದವಳು ನಾನು.

ಹದಿನೈದನೆಯ ಸ್ಥಾನ. ನಾನೇ ಫೋನು ಮಾಡಿದೆ.

"ಮೊನ್ನೆ ಎಗರಿದ್ದು ಚೆನ್ನಾಗಿತ್ತು ಕಣೆ ಅಮ್ಮಣ್ಣಿ."

"ಸಮಾಧಾನಕ್ಕೆ ಅಂತಿದ್ದೀಯಾ ಅಜ್ಜಿ? ನೀನೂ ಶುರು ಮಾಡಿದ್ಯಾ?"

"ಇಲ್ಲ ಕಣೆ, ನಿಜವಾಗ್ಲೂ—"

"ಇರ್ಲಿ ಬಿಡಜ್ಜಿ. ಬೇಜಾರ್ ಮಾಡ್ಕೋಬೇಡ. ಊಟ ಮಾಡು."

ನನ್ನನ್ನೇ ಸಮಾಧಾನ ಮಾಡಿದಳು. ಹದಿನಾರು ವರ್ಷದ ಹುಡುಗಿ.

ಅಕ್ಟೋಬರ್ 15, ಬುಧವಾರ

ನಿನ್ನೆ ಬಂದರು. ಸ್ಟೇಷನ್ನಿಗೆ ಹೋಗಿದ್ದೆ. ನವ್ಯ ಕಾಲಿಗೆ ಬಿದ್ದಳು, ನಕ್ಕಳು, ನನಗೊಂದು ಚೀಲ ಕೊಟ್ಟಳು. ಒಳಗೆ ಬಣ್ಣದ ಬೀಸಣಿಗೆ. ಸೊಸೆ ನನ್ನ ಮುಖ ನೋಡದೆ ಸಾಮಾನು ಇಳಿಸಿದಳು.

ಸೋಮವಾರ ಇಬ್ಬರೂ ತರಬೇತಿಗೆ ವಾಪಸ್ ಹೋಗಬೇಕು. ಟಿಕೆಟ್ಟು ಆಗಿದೆ. ನವ್ಯ ಹೋಗುವುದಿಲ್ಲವಂತೆ. ಇಲ್ಲೇ ಕಾಲೇಜಿಗೆ ಸೇರುತ್ತಾಳಂತೆ. ಹಟವಿಲ್ಲ, ಅಳುವಿಲ್ಲ. ಬೂಟು ಒರೆಸಿ, ಬಟ್ಟೆ ಸುತ್ತಿ, ಅಟ್ಟದ ಮೇಲಿಟ್ಟಳು.

"ನೀನೇ ಒಂದು ಮಾತು ಏಳಮ್ಮ. ನೀನಂದ್ರೆ ಕೇಳ್ತಾಳೆ," ಎಂದ ಸುಧಾಕರ್.

"ಏಳ್ದೆ ಕಣ್ಲಾ. ನಂಬ್ತಿಲ್ಲ."

"ಎಂಗ್ ನಂಬ್ತಾಳೆ? ಒಗಳೋರ್ನ ನಂಬ್ಬೇಡ ಅಂತ ಕಲಿಸಿದ್ದೇ ನೀನಲ್ವಾ?"

ಬೈಯಲು ಬಾಯಿ ತೆರೆದೆ. ಇವನನ್ನೂ ನಾನು ಯಾವತ್ತೂ...

ಅಕ್ಟೋಬರ್ 18, ಶನಿವಾರ. ಮಧ್ಯಾಹ್ನ

ಕರೆದು ಕೂರಿಸಿದೆ. "ಮೊದಲ್ನೇ ದಿನದ್ದು ಆಕು."

"ಬೇಡಜ್ಜಿ."

"ಆಕು ಅಂದೆ."

ಹಾಕಿದಳು. ಅವಳು ಯಾರ ಮಗಳೋ ಎನ್ನುವ ಹಾಗೆ ನೋಡಲು ಕೂತೆ. ಹೊಗಳಲಿಲ್ಲ. ಕಂಡದ್ದನ್ನು ಹೇಳುತ್ತಾ ಹೋದೆ.

"ಶುರುನಲ್ಲೇ ಎಡಗೈ ತಡ. ಸಂಗೀತ ಮುಂದಕ್ಕೆ ಓದ ಮೇಲೆ ಕೈ ಓಯ್ತು."

ಗೋಡೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು. "ಊಂ. ಕೋಚೂ ಅದೇ ಅಂದ್ರು."

"ಗಿರಗಿರ ಸುತ್ತೋವಾಗ ನಿಂತ ಜಾಗ ಬಿಟ್ಟು ಜರುಗ್ದೆ."

"ಊಂ." ಹತ್ತಿರ ಸರಿದು ಕೂತಳು. ಮೊಣಕೈ ನನಗೆ ತಾಗಿತು. ಅವಳು ಬಂದಾಗಿನಿಂದ ಇದೇ ಮೊದಲು.

ಜಿಗಿತ ಬಂತು. ನವ್ಯಳೇ ಬೆರಳಿಟ್ಟು ವಿಡಿಯೋ ನಿಲ್ಲಿಸಿದಳು. ಪರದೆಯ ಮೇಲೆ ಅವಳು ಗಾಳಿಯಲ್ಲಿ, ಕೈ ಎದೆಗೆ ಅಪ್ಪಿ, ನೆಟ್ಟಗೆ.

"ಇದುನ್ನ ಎಮ್ಮೆಕರು ಅಂದ್ಯಲ್ಲ ಅಜ್ಜಿ. ನೂರು ಸಲ ನೋಡ್ದೆ. ನಂಗೆ ಕಾಣ್ತಿಲ್ಲ. ಎಲ್ಲಿ ತಪ್ಪು? ತೋರ್ಸು."

ಕನ್ನಡಕ ತರುತ್ತೇನೆ ಎಂದು ಎದ್ದು ಒಳಗೆ ಬಂದಿದ್ದೇನೆ. ಕನ್ನಡಕ ಮೂಗಿನ ಮೇಲೇ ಇದೆ. ಅವಳೂ ಅದನ್ನು ನೋಡಿರುತ್ತಾಳೆ.

ತೋರಿಸಲು ತಪ್ಪಿಲ್ಲ. ಅಜ್ಜಿ ಸುಳ್ಳು ಹೇಳಿದಳು ಎನ್ನಬೇಕು. ಹಾಗೆಂದರೆ ನಾನು ಹೇಳಿದ ಉಳಿದದ್ದನ್ನೂ ನಂಬದೆ ಹೋಗಬಹುದು. ಇಷ್ಟು ವರ್ಷ ಅವಳು ನನ್ನನ್ನು ಇಟ್ಟಿದ್ದ ಜಾಗದಿಂದ ಇಳಿಯಬೇಕು. ಇಳಿಯದಿದ್ದರೆ ಸೋಮವಾರ ರೈಲು ಅವಳಿಲ್ಲದೆ ಹೋಗುತ್ತದೆ.

"ಅಜ್ಜೀ, ಸಿಕ್ತಾ?"

ಬಂದೆ ಎಂದು ಕೂಗಿದೆ. ಮೊದಲು ಸುಳ್ಳು ಒಪ್ಪಿಕೊಳ್ಳುವುದು. ಆಮೇಲೆ ಆ ಜಿಗಿತ ಹೇಗಿತ್ತೆಂದು, ಥೂ ಎನ್ನದೆ, ಅವಳ ಮುಖ ನೋಡಿಕೊಂಡೇ ಹೇಳುವುದು.