ಅರಬೈಲು ಘಟ್ಟದಿಂದ, ಬ್ರೇಕ್ ಲೈನರ್ ಪೆಟ್ಟಿಗೆಯಲ್ಲಿ

ಕಡಲೇರಿದ ಮೇಲಿನ ನೂರಾ ಹನ್ನೆರಡನೇ ವರ್ಷ,
ಹದಿಮೂರನೇ ತಿಂಗಳು, ಕಡೆಯ ಗುರುವಾರ

ಹಳೇ ಕಾಲದ ಡ್ರೈವರಣ್ಣಂದಿರಿಗೆ, ಗ್ಯಾರೇಜಿನ ಮೇಸ್ತ್ರಿಗಳಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೇ ತಿಂಗಳಿಲ್ಲ ಅಂತ ಗೊತ್ತು. ಬೇಸಿಗೆ ಹನ್ನೆರಡು ತಿಂಗಳಲ್ಲಿ ಮುಗಿಯದ್ದಕ್ಕೆ ನಮ್ಮವರು ಇನ್ನೊಂದು ಸೇರಿಸಿಕೊಂಡಿದ್ದಾರೆ. ನನ್ನ ಮಾತು ವಿಚಿತ್ರವಾಗಿ, ಒರಟಾಗಿ ಕೇಳಿದರೆ ಕ್ಷಮಿಸಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಚೆಂದಗೆ ಬರೆಯಲು ಬರುವುದಿಲ್ಲ, ಇವತ್ತು ಚೆಂದಗೆ ಬರೆಯುವ ಮನಸ್ಸೂ ಇಲ್ಲ. ಹೆಸರು ನೀಲವ್ವ ತಳವಾರ. ಲಾರಿ ಓಡಿಸುತ್ತೇನೆ. ಹೌದು, ಅದನ್ನು ಈಗಲೂ ಲಾರಿ ಎಂದೇ ಕರೆಯುತ್ತೇವೆ.

ನಿಮ್ಮ ಕಾಲದ ಫ್ಲೈಓವರ್‌ಗಳನ್ನು ಒಡೆದು, ಆ ಕಾಂಕ್ರೀಟನ್ನು ಘಟ್ಟ ಇಳಿಸಿ ಕಡಲಗೋಡೆಗೆ ಸುರಿಯುವುದು ನಮ್ಮ ಕೆಲಸ. ಗೋಡೆ ಏರಿದಷ್ಟೂ ಕಡಲೂ ಏರುತ್ತದೆ, ಹಾಗಾಗಿ ಕೆಲಸಕ್ಕೆ ಕೊನೆಯಿಲ್ಲ. ಒಂದು ಲಾರಿಗೆ ಇಬ್ಬರು. ಇಬ್ಬರ ಕೊರಳಿಗೂ ಶಿಸ್ತುಪಟ್ಟಿ. ಹಸುವಿನ ಕೊರಳಹಗ್ಗದಷ್ಟು ಅಗಲದ ಉಕ್ಕಿನ ಬಳೆ ಅದು, ಒಳಗೆ ಕರೆಂಟು. ಹೇಳದೆ ಗಾಡಿ ನಿಲ್ಲಿಸಿದರೆ ಶಾಕ್. ಹಾಡು ಹೇಳಿದರೆ ಶಾಕ್. ಉಚ್ಚೆಗೆ ಇಳಿದರೆ ಶಾಕ್. ಗಾಡಿಗೆ ಗೀರು ಬಿದ್ದರೆ ಅದಕ್ಕೆ ‘ಸೊತ್ತು ಹಾಳು’ ಅನ್ನುತ್ತಾರೆ, ಆ ಶಾಕ್ ಮಾತ್ರ ಗಾಡಿ ನಿಲ್ಲುವ ತನಕ ಬಿಡುವುದಿಲ್ಲ. ನಿಮ್ಮಲ್ಲಿ ಆಕಳಿಸಿದರೆ ಕುಂಯ್ಗುಡುವ ಕ್ಯಾಮೆರಾ ಇದೆಯಂತಲ್ಲ, ಅದರ ಮರಿಮಗಳು ಇದು.

ನಮಗೆ ಡ್ರೈವಿಂಗ್ ಕಲಿಸುವುದು ಕನಸುಕುರ್ಚಿ. ಅದರಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ತಲೆಯೊಳಗೇ ರಸ್ತೆ ತೋರಿಸುತ್ತಾರೆ. ಆ ರಸ್ತೆಯಲ್ಲಿ ಮಳೆಯಿಲ್ಲ, ದನವಿಲ್ಲ, ಬ್ರೇಕ್ ಯಾವತ್ತೂ ಫೇಲ್ ಆಗುವುದಿಲ್ಲ. ‘ಬ್ರೇಕ್ ಹತ್ತದಿದ್ದರೆ ಏನು ಮಾಡಬೇಕ್ರಿ?’ ಎಂದು ನಾನು ಕೇಳಿದ್ದಕ್ಕೆ, ‘ಹಂಗ ಆಗೂದಿಲ್ಲ’ ಎಂದು ಹೇಳಿ, ಕೇಳಿದ ತಪ್ಪಿಗೆ ಒಂದು ಶಾಕ್ ಕೊಟ್ಟರು.

ಆದರೆ ಆಗುತ್ತದೆ. ಯಾಕೆಂದರೆ ನಮ್ಮ ಬ್ರೇಕಿನೊಳಗೆ ಉಜ್ಜಿ ಗಾಲಿ ಹಿಡಿಯುವ ಲೈನರ್ ನಿಮ್ಮವೇ. ಇಲ್ಲಿ ಅವನ್ನು ಮಾಡುವವರು ಸತ್ತು ಎಷ್ಟೋ ಕಾಲವಾಯಿತು. ಹಿಂದಂಚೆ ಎಂಬ ಯಂತ್ರವೊಂದಿದೆ, ಕಾಲದ ಹಿಂದಕ್ಕೆ ಪೆಟ್ಟಿಗೆ ಕಳಿಸಿ ತುಂಬಿಸಿ ತರುತ್ತದೆ. ಅಂಥ ಯಂತ್ರ ಕೈಗೆ ಸಿಕ್ಕರೆ ಮನುಷ್ಯ ಏನೆಲ್ಲ ತರಿಸಬಹುದು! ನಮ್ಮ ಕಂಪನಿ ತರಿಸುವುದು ನಿಮ್ಮ ಗುಜರಿ. ನೀವು ಸವೆಸಿ ಎಸೆದ ಲೈನರಿಗೆ ಕರಿ ಬಣ್ಣ ಬಳಿದು ನಮ್ಮ ಗಾಲಿಗೆ ಹಾಕುತ್ತಾರೆ. ಗಾಡಿಯ ಮುಂದಿರುವ ಹಲಗೆ ‘ಬ್ರೇಕ್ ಸರಿ’ ಎಂದು ಹಸಿರು ದೀಪ ಹಚ್ಚುತ್ತದೆ. ಅದು ಬಣ್ಣ ಮಾತ್ರ ನೋಡುತ್ತದೆ.

ನನ್ನ ಜೋಡಿ ಮೈಬು ಕಾಕಾ. ಪಟ್ಟಿ ಬರುವ ಮುಂಚಿನ ಕಾಲದ ಡ್ರೈವರ್. ನನ್ನನ್ನು ‘ಕುರ್ಚಿಯಾಗ ಹುಟ್ಟಿದಾಕಿ’ ಅಂತ ಕಾಡಿಸುತ್ತಿದ್ದ. ಇಳಿಜಾರಿನಲ್ಲಿ ನಿಂತರೆ ಗಾಲಿಗೆ ಕಲ್ಲು ಕೊಡಬೇಕೆಂದು ಕಲಿಸಿದವನು ಅವನೇ. ರಸ್ತೆ ಮೇಲೆ ಕಲ್ಲಿಡುವುದೂ ಶಿಸ್ತುಭಂಗ, ಒಂದು ಶಾಕ್. ಕಾಕಾ ಶಾಕ್ ತಿಂದೇ ಇಡುತ್ತಿದ್ದ. ‘ಹಸಿರು ದೀಪಕ್ಕಿಂತ ಕಲ್ಲು ನಿಯತ್ತಿಂದು’ ಅನ್ನುತ್ತಿದ್ದ.

ಇವತ್ತು ಬೆಳಿಗ್ಗೆ ಘಟ್ಟದ ಮೂರನೇ ತಿರುವು ದಾಟುತ್ತಲೇ ಕಾಕಾನ ಕಾಲಡಿಯ ಬ್ರೇಕ್ ಪೆಡಲ್ ಸತ್ತಿತು.

‘ತಳಕ್ಕ ಹೋತು, ನೀಲವ್ವ’ ಎಂದ ಕಾಕಾ. ಹೊಗೆಸೊಪ್ಪು ತೀರಿತು ಅನ್ನುವಷ್ಟೇ ತಣ್ಣಗೆ. ‘ಗುಡ್ಡಕ್ಕ ಉಜ್ಜತೇನಿ. ಗಟ್ಟಿ ಹಿಡಕೋ.’

‘ಕಾಕಾ, ಸೊತ್ತು ಹಾಳು ಅಂತೈತಿ, ಪಟ್ಟಿ ಬಿಡೂದಿಲ್ಲ!’

‘ಕೆಳಗ ನಮ್ಮ ಹುಡುಗೂರ ಗಾಡಿ ಸಾಲಾಗಿ ನಿಂತಾವ. ಪಟ್ಟಿ ಕೊಂದ್ರ ನನ್ನೊಬ್ಬನ್ನ ಕೊಲ್ಲತೈತಿ.’

ಗಾಡಿಯ ಎಡಮೈಯನ್ನು ಬಂಡೆಗೆ ಒತ್ತಿದ. ಕಿಡಿ ಹಾರಿದವು, ಬಾಗಿಲು ಸಿಪ್ಪೆಯ ಹಾಗೆ ಸುಲಿಯಿತು. ಅದೇ ಕ್ಷಣಕ್ಕೆ ಅವನ ಪಟ್ಟಿ ಹೊತ್ತಿಕೊಂಡಿತು. ಸ್ಟೇರಿಂಗ್ ಹಿಡಿದವನ ಕೊರಳಿಗೇ ಆ ಶಾಕ್, ಪಕ್ಕದವರಿಗಿಲ್ಲ. ಕೊರಳ ಚರ್ಮ ಚುರುಗುಟ್ಟುವುದು ನನಗೆ ಕೇಳಿತು. ನಾಲಿಗೆ ಕಚ್ಚಿ ಗಡ್ಡದ ತುಂಬ ರಕ್ತ. ಕೈ ಮಾತ್ರ ಬಿಡಲಿಲ್ಲ. ಗಾಡಿ ನಿಂತಾಗ ಪಟ್ಟಿಯೂ ನಿಂತಿತು, ಕಾಕಾನೂ. ಬಂಡೆ ಅವನಿಗೆ ಒಂದು ತರಚುಗಾಯವನ್ನೂ ಮಾಡಿರಲಿಲ್ಲ. ಗಾಡಿ ಉಳಿಸಿದ್ದಕ್ಕೆ ಗಾಡಿಯ ಶಿಸ್ತೇ ಅವನನ್ನು ಸುಟ್ಟಿತು.

ನಾನು ಇಳಿದು, ಹೇರಿನಿಂದ ಒಂದು ಕಾಂಕ್ರೀಟ್ ತುಂಡು ಎಳೆದು ಮುಂದಿನ ಗಾಲಿಗೆ ಕೊಟ್ಟೆ. ಅಷ್ಟರಲ್ಲಿ ಶಿಸ್ತುಗಾರ ಬಂದ. ಪಟ್ಟಿಗಳ ಗುಂಡಿ, ಬೀಗದಕೈ ಎರಡನ್ನೂ ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಸಾಹೇಬ, ಹೆಸರು ವಿರೂಪಾಕ್ಷ. ಸೀಟಿನಲ್ಲಿದ್ದ ಹೆಣವನ್ನು ನೋಡಲಿಲ್ಲ. ಗಾಡಿಯ ಮುಂದೆ, ಇಳಿಜಾರಿನ ಕಡೆಗೇ ನಿಂತು ಕಲ್ಲು ನೋಡಿದ.

‘ರಸ್ತೆ ಮ್ಯಾಲೆ ಕಲ್ಲು ಯಾರು ಇಟ್ಟಿದ್ದು? ತಗಿ. ಆ ಮುದುಕನ್ನ ಇಳಿಸಿ ನೀನ ಗಾಡಿ ಹೊಡಿ.’

‘ಬ್ರೇಕಿಲ್ರಿ ಸಾಹೇಬ್ರ. ನೀವು ಮುಂದ ನಿಂತೀರಿ.’

‘ಹಲಗಿ ಹಸಿರೈತಿ. ನನಗ ಕಲಸ್ತೀ ಏನಲೇ?’

ಗುಂಡಿ ಒತ್ತಿದ. ನಾನು ಮೊಣಕಾಲ ಮೇಲೆ ಬಿದ್ದೆ. ಮತ್ತೆ ಒತ್ತಿದ. ಗಾಡಿಯಲ್ಲಿದ್ದ ಹಾರೆ ತಗೊಂಡೆ. ‘ಆತ್ರಿ ಸಾಹೇಬ್ರ, ತಗೀತೇನಿ’ ಎಂದೆ. ಮುಂದೆ ನಿಂತಿದ್ದೀರಿ ಎಂದು ಮತ್ತೊಂದು ಸಲ ಎಚ್ಚರಿಸಲಿಲ್ಲ. ಕಲ್ಲು ಮೀಟಿದೆ.

ಗಾಡಿ ಒಂದು ಮಾರು ಉರುಳಿತು. ಅವನ ಎರಡೂ ಕಾಲು ಒಣಕಟ್ಟಿಗೆಯಂತೆ ಲಟಲಟ ಮುರಿದವು. ಅದೇ ಕಲ್ಲನ್ನು ಗಾಲಿಗೆ ಮತ್ತೆ ಕೊಟ್ಟೆ. ಅವನಿಗಾಗಿ ಅಲ್ಲ, ಕೆಳಗಿನ ಹುಡುಗರಿಗಾಗಿ. ಅವನ ಸೊಂಟದಿಂದ ಬೀಗದಕೈ ಕಿತ್ತು ನನ್ನ ಪಟ್ಟಿ ಬಿಚ್ಚಿದೆ, ಅವನ ಕೊರಳಿಗೆ ಹಾಕಿದೆ, ಗುಂಡಿ ಒತ್ತಿದೆ. ಕೈ ಸೋಲುವ ತನಕ ಒತ್ತಿದೆ. ಸತ್ತನೋ ಇಲ್ಲವೋ ಗೊತ್ತಿಲ್ಲ. ಸತ್ತಿದ್ದರೆ ಒಳ್ಳೆಯದು.

ಈಗ ಓಡಿ ಬಂದು ಘಟ್ಟದ ಮೇಲಿನ ಹಿಂದಂಚೆ ಗೋದಾಮಿನಲ್ಲಿದ್ದೇನೆ. ಬಾಗಿಲಿಗೆ ಒಳಗಿನಿಂದ ಕಲ್ಲು ಕೊಟ್ಟಿದ್ದೇನೆ, ಆಚೆ ಮಂದಿ ಗುದ್ದುತ್ತಿದ್ದಾರೆ. ನನ್ನ ಮುಂದೆ ಲೈನರ್ ಪೆಟ್ಟಿಗೆ ಖಾಲಿ ಇದೆ, ಗಂಟೆ ಹೊಡೆದರೆ ನಿಮ್ಮ ಕಡೆ ಹೊರಡುತ್ತದೆ. ನಾನು ಅದರಲ್ಲಿ ಹಿಡಿಸುವುದಿಲ್ಲ, ಕಾಗದ ಹಿಡಿಸುತ್ತದೆ. ನನ್ನ ಆಸೆ ಬಿಡಿ. ನನಗೊಬ್ಬ ತಂಗಿ ಇದ್ದಾಳೆ, ಗಂಗವ್ವ. ಈಗ ಕನಸುಕುರ್ಚಿಯಲ್ಲಿ ಕಣ್ಣು ಮುಚ್ಚಿ, ಬ್ರೇಕ್ ಫೇಲ್ ಆಗದ ರಸ್ತೆಯಲ್ಲಿ ನಗುತ್ತಾ ಗಾಡಿ ಓಡಿಸುತ್ತಿದ್ದಾಳೆ. ಸೋಮವಾರ ಎಬ್ಬಿಸಿ ಪಟ್ಟಿ ಹಾಕುತ್ತಾರೆ. ಈ ಪೆಟ್ಟಿಗೆ ತುಂಬಿಕೊಂಡು ಬಂದರೆ ಅದರಲ್ಲಿರುವ ಲೈನರ್ ಅವಳ ಗಾಲಿಗೆ.

ಅದಕ್ಕೇ ಕೇಳುತ್ತಿದ್ದೇನೆ. ಲೈನರ್ ಇಲ್ಲದಿದ್ದರೆ ಗಾಡಿ ಹೊರಡುವುದಿಲ್ಲ. ಸವೆದದ್ದನ್ನು ಬಿಚ್ಚಿದಾಗ ಮೂಲೆಗೆ ಎಸೆಯಬೇಡಿ, ಗುಜರಿಗೆ ಹಾಕಬೇಡಿ. ನೆಲಕ್ಕಿಟ್ಟು ಸುತ್ತಿಗೆಯಿಂದ ಹೊಡೆಯಿರಿ. ಯಾರ ಸಿಟ್ಟಾದರೂ ತೀರಿಸಿಕೊಳ್ಳಿ, ನಿಮ್ಮಲ್ಲೂ ಒಬ್ಬ ವಿರೂಪಾಕ್ಷ ಇದ್ದೇ ಇರುತ್ತಾನೆ. ಬಣ್ಣ ಬಳಿಯಲು ಒಂದು ಚೂರೂ ಉಳಿಯದ ಹಾಗೆ ಪುಡಿ ಮಾಡಿ.

ಗಂಟೆ ಹೊಡೆಯಿತು. ಒಡೆಯಿರಿ, ಅಣ್ಣಾ. ಈಗಲೇ ಒಡೆಯಿರಿ.

ನೀಲವ್ವ