ಮೂವತ್ತೆಂಟು ಬಸುರಿಯರು

ಗಿರಣಿ ಸಾಲುಮನೆ
ಹದಿನಾಲ್ಕನೆಯ ತಾರೀಖು, ಬುಧವಾರ

ನನ್ನ ಮುದ್ದು ಮೊಮ್ಮಗಳಿಗೆ,

ಕಾಲಿನ ಬಾವು ಇಳಿಯಿತೇ? ಎಂಟು ತಿಂಗಳ ಬಸುರಿಯನ್ನು ದಿನವಿಡೀ ನಿಲ್ಲಿಸಿ ನೂಲು ಸುತ್ತಿಸಬಾರದೆಂದು ನಿನ್ನ ಮೇಸ್ತ್ರಿಗೆ ಹೇಳು. ಅವನನ್ನೂ ಒಬ್ಬಳು ಹೆತ್ತಿರಬೇಕು. ನನಗೇನು, ಮಂಡಿಯೊಂದು ಬಿಟ್ಟರೆ ಎಲ್ಲ ಗಟ್ಟಿ, ನಾಲಿಗೆಯಂತೂ ಕೇಳಲೇಬೇಡ.

ಗಿರಣಿಯನ್ನು ಇಲ್ಲಿಂದ ಬಂದರಿನ ಊರಿಗೆ ಸಾಗಿಸಿದಾಗ ಮೊದಲು ಗಂಡಸರು ಹೋದರು. ಹೇಗೂ ತಿರುಗಿ ಬರುತ್ತಾರೆಂದುಕೊಂಡು ಯಾರೂ ಹೆದರಲಿಲ್ಲ. ಆಮೇಲೆ ಹೆಣ್ಣುಮಕ್ಕಳ ಬೆರಳೇ ಬೇಕೆಂದು ನಿಮ್ಮನ್ನೂ ಕರೆಸಿಕೊಂಡರು. ಹುಡುಗಿಯರು ಹೋದ ಮೇಲೆ ಊರಿನಲ್ಲಿ ಮಗು ಎಲ್ಲಿಂದ ಅಳಬೇಕು? ಅಲ್ಲಿ ನೀವು ಒಂದೇ ಕೋಣೆಯಲ್ಲಿ ಆರು ಜನ ಮಗ್ಗುಲು ಬದಲಿಸಲಾಗದೆ ಮಲಗುತ್ತೀರಿ. ಇಲ್ಲಿ ನಲವತ್ತು ಮನೆಗಳಲ್ಲಿ ಒಂಬತ್ತರಲ್ಲಿ ಒಲೆ ಉರಿಯುತ್ತದೆ.

ಐದು ತಿಂಗಳ ಹಿಂದೆ, ನೀನು ಬಸುರಿಯೆಂದು ಸುದ್ದಿ ಬಂದ ವಾರವೇ ದಾದಿ ಅಳುತ್ತಾ ಬಂದಳು. ಹೆರುವವರಿಲ್ಲದಿದ್ದರೆ ಹೆರಿಗೆ ಕೋಣೆ ಮುಚ್ಚುತ್ತಾರಂತೆ. ನನ್ನ ತಲೆ ಸುಮ್ಮನಿರುತ್ತದೆಯೇ? ಬೀದಿಯ ಮುದುಕಿಯರನ್ನೆಲ್ಲ ಕೂರಿಸಿಕೊಂಡು, ಬಂದರಿನಲ್ಲಿರುವ ಮಗಳು, ಸೊಸೆ, ಮೊಮ್ಮಗಳು ಎಲ್ಲರೂ ಇಲ್ಲಿಗೇ ಹೆರಿಗೆಗೆ ಬರುವವರೆಂದು ದಾದಿಯ ಪುಸ್ತಕದಲ್ಲಿ ಬರೆಸಿದೆ. ದರ್ಜಿಯ ಮದುವೆಯೇ ಆಗದ ಮಗಳೂ ಸೇರಿ ಮೂವತ್ತೆಂಟು ಹೆಸರು. ನಿನ್ನದೊಂದೇ ನಿಜ. ಮಿಕ್ಕವರಿಗೆಲ್ಲ ಆಗಲೇ ಒಂದೇ ಸಮ ಐದು ತಿಂಗಳೆಂದು ಬರೆಸಿದೆ. "ನನ್ನ ಸೊಸೆಗೆ ನಲವತ್ತೊಂಬತ್ತು ಕಣೇ" ಅಂದಳು ಪಕ್ಕದ ಮನೆಯ ಗೊಣಗಜ್ಜಿ. "ಬರೆಸೇ, ಹೊಟ್ಟೆ ಮುಟ್ಟಿ ನೋಡೋಕೆ ಯಾರು ಬರ್ತಾರೆ" ಅಂದೆ. ಅಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಮೊನ್ನೆ ಮೇಲಿನ ಅಧಿಕಾರಿ ಬಂದ. ಪುಸ್ತಕ ತಿರುವಿ, "ಮೂವತ್ತೆಂಟು ಜನ ಹೆಸರು ಬರೆಸಿದಾರೆ, ಒಬ್ಬಳು ಬಿಟ್ಟು ಎಲ್ಲರಿಗೂ ದಿನ ತುಂಬಿದೆ, ಇಲ್ಲಿ ಹೆತ್ತೋರು ಒಬ್ಬರೂ ಇಲ್ಲ. ಅಷ್ಟೂ ಜನ ಬೇರೆ ಕಡೆ ಹೋಗಿ ಹೆತ್ತಿದಾರೆ ಅಂದ್ರೆ ಈ ಕೋಣೆ ಮೇಲೆ ಯಾರಿಗೂ ನಂಬಿಕೆ ಇಲ್ಲ ಅಂತಾಯ್ತು" ಅಂದ. ಸುಳ್ಳೆಂದು ಬಾಯಿಬಿಟ್ಟರೆ ದಾದಿಯ ಕೆಲಸ ಹೋಗುತ್ತದೆ. ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತೆ. ಮಂಚ, ತೊಟ್ಟಿಲು, ನೀರು ಕಾಯಿಸುವ ಹಂಡೆ ಎಲ್ಲ ಲಾರಿಗೆ ಹಾಕಿದರು. ಅವೂ ಬಂದರಿಗೇ ಹೋದವು. ದಾದಿಯನ್ನೂ ಅಲ್ಲಿಗೇ ಹಾಕಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಗಂಡನಿಗೆ ನನ್ನ ಆಶೀರ್ವಾದ, ಅರ್ಧ ಬೈಗುಳ. ನೂರು ಕಾಲ ಬಾಳು.

ನಿನ್ನ ಬಾಯಿಬಡುಕಿ ಅಜ್ಜಿ

ಮರೆತಿದ್ದೆ: ಹೆರಿಗೆಗೆ ನನ್ನ ಹತ್ತಿರವೇ ಬರುತ್ತೇನೆಂದು ನೀನು ಬರೆದಿದ್ದೆ, ನಾನೂ ಹೂಂ ಅಂದಿದ್ದೆ. ಬರಬೇಡ. ಇಲ್ಲಿಂದ ಆಸ್ಪತ್ರೆಗೆ ಈಗ ನಾಲ್ಕು ಗಂಟೆ ದಾರಿ. ಈ ಕಾಗದ ಸಿಕ್ಕ ದಿನವೇ ಬಂದರಿನಲ್ಲೇ ಹೆಸರು ಬರೆಸು. ಮಗುವಿನ ಊರು ಯಾವುದೆಂದು ಕೇಳಿದರೆ ಅಲ್ಲಿಯದನ್ನೇ ಹೇಳು.