ಹಾಲಿನ ಪಾತ್ರೆಯಲ್ಲಿ ಚಿಪ್ಪು

ರೀ,

ಮೀನಿನ ತೊಟ್ಟಿಗೆ ಹಾಕೋ ಬಸವನಹುಳುವಿನ ಚಿಪ್ಪು ಕುದಿಸೋಕೆ ಹಾಲಿನ ಪಾತ್ರೆಯೇ ಬೇಕಿತ್ತಾ? ಗೊತ್ತಿಲ್ಲದೆ ಅದರಲ್ಲೇ ಟೀ ಮಾಡಿದೆ. ಅರ್ಧ ಲೋಟ ಕುಡಿದ ಮೇಲೆ ಜರಡಿ ನೋಡಿದರೆ ಟೀಪುಡಿಯ ನಡುವೆ ಒಂದು ಚಿಪ್ಪು. ಥೂ!

ಎರಡಡಿ ತೊಟ್ಟಿಗೆ ಪುಟ್ಟ ಸಿಕ್ಲಿಡ್ ಜಾತಿಯ ಮೀನು ತನ್ನಿ ಅಂದರೆ, ಅಂಗಡಿಯವನ ಮಾತಿಗೆ ಮರುಳಾಗಿ ಆ ರಾಕ್ಷಸನನ್ನು ತಂದಿರಿ. ಮಿಕ್ಕ ಮೀನನ್ನೆಲ್ಲ ನುಂಗಿ, ಈಗ ಬಾಯಿಂದ ಒಂದು ಬಾಲ ಇಳಿಬಿಟ್ಟುಕೊಂಡು ನನ್ನನ್ನೇ ನೋಡುತ್ತಿದೆ. ಇವತ್ತೇ ವಾಪಸ್ ಕೊಡಿ. ಚಿಪ್ಪಿನೊಳಗೆ ಸಂಸಾರ ಮಾಡುವ ಬೆರಳುದ್ದದ ಸಿಕ್ಲಿಡ್ ಇದೆ ಅಂದಿರಲ್ಲ, ಅದನ್ನೇ ತನ್ನಿ. ಜೊತೆಗೆ ಬೇರೆ ಯಾವ ಮೀನೂ ಬೇಡ.

ಹೊಸ ಹಾಲಿನ ಪಾತ್ರೆಯೂ ಬೇಕು.

ನಿಮ್ಮಮ್ಮ "ಇವತ್ತೇನಮ್ಮಾ, ಟೀ ಇಷ್ಟು ಚೆನ್ನಾಗಿದೆ!" ಅಂತ ಎರಡನೇ ಲೋಟ ಕೇಳಿ ಕುಡಿದರು. ಅವರಿಗೆ ವಿಷಯ ನೀವೇ ಹೇಳಿ.